ಬನ್ನಿ, ಇನ್ನೊಂದು ಸಲ ನೋಡೋಣ: ಮಕ್ಕಳಿಗೂ ದೊಡ್ಡವರಿಗೂ ಬಾಹ್ಯಾಕಾಶ ವಿಜ್ಞಾನದ ರುಚಿ ಹತ್ತಿಸುವ ಸಮಗ್ರ ಮಾರ್ಗದರ್ಶಿ

ರಾಕೆಟ್ ಹಾರುವಾಗ, ಲ್ಯಾಂಡರ್ ಚಂದ್ರನ ಮೇಲೆ ಇಳಿಯುವಾಗ ಲಕ್ಷಗಟ್ಟಲೆ ಜನ ಉಸಿರು ಬಿಗಿಹಿಡಿದು ನೋಡುತ್ತಾರೆ. ಚಪ್ಪಾಳೆ ಹೊಡೆಯುತ್ತಾರೆ. ಮಾರನೇ ದಿನ ಎಲ್ಲರೂ ಅವರವರ ಕೆಲಸಕ್ಕೆ. ಶಾಲೆ, ಗ್ರಂಥಾಲಯ, ವಿಜ್ಞಾನ ಸಂಘಗಳು ನಡೆಸುವ ಆಕಾಶ ವೀಕ್ಷಣೆಗಳ ಕಥೆಯೂ ಹೆಚ್ಚುಕಮ್ಮಿ ಇದೇ. ಸಾಲಿನಲ್ಲಿ ನಿಂತು ಶನಿಯ ಉಂಗುರ ನೋಡಿ ಬೆರಗಾಗಿ ಮನೆಗೆ ಹೋದವರಲ್ಲಿ ಎಷ್ಟೋ ಮಂದಿ ಮತ್ತೆ ತಲೆ ಎತ್ತುವುದೇ ಇಲ್ಲ.

ಅದಕ್ಕೆ ಅವರನ್ನು ದೂರುವ ಹಾಗಿಲ್ಲ. ಕಾರ್ಯಕ್ರಮವನ್ನು ಒಂದೇ ರಾತ್ರಿಗೆ ಮುಗಿಯುವ ಹಾಗೆ ಕಟ್ಟಿದವರು ನಾವೇ. 1610ರ ಜನವರಿ 7ರಂದು ಗೆಲಿಲಿಯೋ ಗುರುಗ್ರಹದ ಪಕ್ಕ ಮೂರು ಚುಕ್ಕಿ ಕಂಡ. ಆ ದಿನ ಅವು ಅವನ ಪಾಲಿಗೆ ಬರೀ ನಕ್ಷತ್ರಗಳು. ಮರುದಿನ ನೋಡಿದಾಗ ಚುಕ್ಕಿಗಳ ಜಾಗ ಬದಲಾಗಿತ್ತು. 9ರಂದು ಮೋಡ. 10ರಂದು ಎರಡೇ ಚುಕ್ಕಿ. 13ರ ಹೊತ್ತಿಗೆ ನಾಲ್ಕು. ಇವು ಗುರುವನ್ನು ಸುತ್ತುವ ಚಂದ್ರರು ಅಂತ ಗೊತ್ತಾಗಿದ್ದು ಮತ್ತೆ ಮತ್ತೆ ನೋಡಿದ್ದರಿಂದ, ನೋಡಿದ್ದನ್ನು ಬರೆದಿಟ್ಟಿದ್ದರಿಂದ.

ಹಾಗಾಗಿ ಈ ಮಾರ್ಗದರ್ಶಿಯ ಗುರಿ ಎರಡನೇ ರಾತ್ರಿ. ನೀವು ಶಿಕ್ಷಕರಿರಬಹುದು, ಸಂಘದವರಿರಬಹುದು, ಒಂದು ಬೈನಾಕ್ಯುಲರ್ ಇಟ್ಟುಕೊಂಡ ಕಾಲೇಜು ಹುಡುಗಿ ಇರಬಹುದು. ದಾರಿ ಎಲ್ಲರಿಗೂ ಒಂದೇ.

ಹಂತ 1: ದಿನಾಂಕವನ್ನು ಜೋಡಿಯಾಗಿ ಗೊತ್ತು ಮಾಡಿ

ಒಂದು ದಿನದ ಕಾರ್ಯಕ್ರಮ ಅಂತ ಪ್ರಕಟಿಸಬೇಡಿ. ಮೊದಲ ಪ್ರಕಟಣೆಯಲ್ಲೇ ಎರಡು ದಿನಾಂಕ ಇರಲಿ. ಇವತ್ತು ಮತ್ತು ನಾಳೆ, ಇಲ್ಲವೇ ಈ ಶನಿವಾರ ಮತ್ತು ಮುಂದಿನ ಶನಿವಾರ. ಎರಡನೇ ದಿನ ಬಂದವರಿಗೆ ಮಾತ್ರ ಸಿಗುವಂಥದ್ದು ಏನಾದರೂ ಇರಬೇಕು. ಅದನ್ನು ಆಕಾಶವೇ ಒದಗಿಸುತ್ತದೆ. ಚಂದ್ರ ಒಂದು ದಿನಕ್ಕೆ ಸುಮಾರು 13 ಡಿಗ್ರಿ ಪೂರ್ವಕ್ಕೆ ಸರಿಯುತ್ತಾನೆ. ನಿನ್ನೆ ಯಾವ ನಕ್ಷತ್ರದ ಪಕ್ಕ ಇದ್ದ, ಇವತ್ತು ಎಲ್ಲಿದ್ದಾನೆ ಅಂತ ಏಳು ವರ್ಷದ ಮಗುವೂ ಬೆರಳು ಮಾಡಿ ತೋರಿಸಬಲ್ಲದು. ಗುರುವಿನ ಚಂದ್ರರಂತೂ ಇನ್ನೂ ಚುರುಕು. ಅಯೋ ಒಂದು ಸುತ್ತು ಮುಗಿಸುವುದಕ್ಕೆ 42 ಗಂಟೆ ಚಿಲ್ಲರೆ ಸಾಕು.

ಯಾವ ದಿನ ಒಳ್ಳೆಯದು? ಬಹಳ ಜನ ಹುಣ್ಣಿಮೆ ಆರಿಸುತ್ತಾರೆ. ಅದರಷ್ಟು ಸಪ್ಪೆ ದಿನ ಇನ್ನೊಂದಿಲ್ಲ. ಹುಣ್ಣಿಮೆಯ ದಿನ ಸೂರ್ಯನ ಬೆಳಕು ಚಂದ್ರನ ಮೇಲೆ ನೇರವಾಗಿ ಬೀಳುತ್ತದೆ. ನೆರಳೇ ಇರುವುದಿಲ್ಲ, ಕುಳಿಗಳೆಲ್ಲ ಚಪ್ಪಟೆಯಾಗಿ ಕಾಣುತ್ತವೆ. ಸಾಲದ್ದಕ್ಕೆ ಆ ಬೆಳಕಲ್ಲಿ ಬೇರೆ ನಕ್ಷತ್ರಗಳೂ ಮುಳುಗಿಹೋಗುತ್ತವೆ. ಅಮಾವಾಸ್ಯೆ ಕಳೆದ ಐದನೇ ದಿನದಿಂದ ಒಂಬತ್ತನೇ ದಿನದವರೆಗೆ, ಅಂದರೆ ಅಷ್ಟಮಿಯ ಆಚೀಚೆ, ಚಂದ್ರ ಸಂಜೆಗೇ ಎತ್ತರದಲ್ಲಿರುತ್ತಾನೆ. ಬೆಳಕು ಕತ್ತಲೆ ಸೇರುವ ಗೆರೆಯಲ್ಲಿ ಬೆಟ್ಟಗಳ ನೆರಳು ಉದ್ದಕ್ಕೆ ಚಾಚಿರುತ್ತದೆ. ಟೆಲಿಸ್ಕೋಪಿನಲ್ಲಿ ಮೊದಲ ಸಲ ಅದನ್ನು ಕಂಡವರ ಬಾಯಿಂದ ಏನಾದರೊಂದು ಉದ್ಗಾರ ಬಂದೇ ಬರುತ್ತದೆ.

ನೆಪ ಬೇಕಿದ್ದರೆ ಕ್ಯಾಲೆಂಡರಿನಲ್ಲಿ ಸಾಕಷ್ಟಿವೆ. ಅಕ್ಟೋಬರ್ 4ರಿಂದ 10ರವರೆಗೆ ವಿಶ್ವ ಬಾಹ್ಯಾಕಾಶ ಸಪ್ತಾಹ. 1957ರ ಅಕ್ಟೋಬರ್ 4ಕ್ಕೆ ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಹಾರಿತು, 1967ರ ಅಕ್ಟೋಬರ್ 10ಕ್ಕೆ ದೇಶಗಳ ನಡುವಿನ ಬಾಹ್ಯಾಕಾಶ ಒಪ್ಪಂದ ಜಾರಿಗೆ ಬಂತು. ಏಪ್ರಿಲ್ 12 ಮೊದಲ ಗಗನಯಾತ್ರಿ ಯೂರಿ ಗಗಾರಿನ್ 1961ರಲ್ಲಿ ಭೂಮಿ ಸುತ್ತಿದ ದಿನ. ಜೂನ್ 30 ಕ್ಷುದ್ರಗ್ರಹ ದಿನ, 1908ರಲ್ಲಿ ಸೈಬೀರಿಯಾದ ಆಕಾಶದಲ್ಲಿ ಆದ ತುಂಗುಸ್ಕಾ ಸ್ಫೋಟದ ನೆನಪಿಗೆ. ಇವೆಲ್ಲ ಜನರನ್ನು ಸೇರಿಸುವುದಕ್ಕೆ ಸರಿ. ಆದರೆ ಆ ದಿನ ಚಂದ್ರ ಎಲ್ಲಿರುತ್ತಾನೆ, ಯಾವ ಗ್ರಹ ಕಾಣುತ್ತದೆ ಅಂತ ನೋಡದೆ ದಿನಾಂಕ ಗೊತ್ತು ಮಾಡಬೇಡಿ. ಸ್ಟೆಲ್ಲೇರಿಯಂ ಅನ್ನುವ ಉಚಿತ ತಂತ್ರಾಂಶದಲ್ಲಿ ನಿಮ್ಮ ಜಾಗ, ದಿನ, ಗಂಟೆ ಹಾಕಿದರೆ ಆ ಹೊತ್ತಿನ ಆಕಾಶ ಕಣ್ಣ ಮುಂದೆ ಬರುತ್ತದೆ.

ಮೋಡಕ್ಕೂ ಮೊದಲೇ ತಯಾರಿರಿ. ಹಂತ 4ರಲ್ಲಿ ಬರುವ ಆಟಗಳನ್ನು ಒಂದು ಚೀಲದಲ್ಲಿ ಸಿದ್ಧವಾಗಿಟ್ಟುಕೊಂಡರೆ ಸಾಕು. ಗೆಲಿಲಿಯೋಗೇ ಮೋಡ ಬಿಡಲಿಲ್ಲ, ನಮ್ಮನ್ನು ಬಿಡುತ್ತದೆಯೇ?

ಹಂತ 2: ಜನ ಇರುವ ಕಡೆ ನೀವೇ ಹೋಗಿ

ಈ ವಿಷಯದಲ್ಲಿ ಜಾನ್ ಡಾಬ್ಸನ್ ಅವರ ಹೆಸರು ಹೇಳದಿದ್ದರೆ ತಪ್ಪಾಗುತ್ತದೆ. 1915ರಲ್ಲಿ ಬೀಜಿಂಗ್‌ನಲ್ಲಿ ಹುಟ್ಟಿದ ಇವರು 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಮಠ ಸೇರಿ ಸನ್ಯಾಸಿಯಾಗಿದ್ದರು. ಕೈಯಲ್ಲಿ ಕಾಸಿರಲಿಲ್ಲ. ಹಡಗಿನ ಕಿಟಕಿಯ ಹಳೇ ದಪ್ಪ ಗಾಜನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದರು. ರಟ್ಟಿನ ಕೊಳವೆ, ಪ್ಲೈವುಡ್ ಪೆಟ್ಟಿಗೆ ಸೇರಿಸಿ ದೊಡ್ಡ ಟೆಲಿಸ್ಕೋಪ್ ಕಟ್ಟಿದರು. ಅಕ್ಕಪಕ್ಕದ ಬೀದಿಗಳಿಗೆ ಅದನ್ನು ಉರುಳಿಸಿಕೊಂಡು ಹೋಗಿ ಮಕ್ಕಳಿಗೆ ತೋರಿಸುತ್ತಿದ್ದರು. 1967ರಲ್ಲಿ ಮಠ ಬಿಡಬೇಕಾಯಿತು. ಮುಂದಿನ ವರ್ಷವೇ ಫುಟ್‌ಪಾತ್ ಮೇಲೆ ಆಕಾಶ ತೋರಿಸುವ ಗುಂಪೊಂದು ಅವರ ಜೊತೆ ಶುರುವಾಯಿತು. ಅವರು ರೂಢಿಗೆ ತಂದ ಸರಳ ಸ್ಟ್ಯಾಂಡಿಗೆ ಇವತ್ತು ಪ್ರಪಂಚದಾದ್ಯಂತ ಡಾಬ್ಸೋನಿಯನ್ ಅಂತಲೇ ಹೆಸರು.

ಅವರಿಂದ ಕಲಿಯಬೇಕಾದ್ದು ಟೆಲಿಸ್ಕೋಪ್ ಕಟ್ಟುವುದಕ್ಕಿಂತ ಜಾಗ ಆರಿಸುವುದು. ಊರಾಚೆಯ ಕತ್ತಲಿಗೆ ಬರುವವರು ಮೊದಲೇ ಆಸಕ್ತಿ ಇರುವವರು. ಆಸಕ್ತಿ ಇದೆ ಅಂತ ಇನ್ನೂ ಗೊತ್ತೇ ಇಲ್ಲದವರು ಬಸ್ ನಿಲ್ದಾಣದಲ್ಲಿ, ಪಾರ್ಕಿನಲ್ಲಿ, ಆಟದ ಮೈದಾನದ ಗೇಟಿನ ಹತ್ತಿರ ಇರುತ್ತಾರೆ. ಚಂದ್ರ, ಗುರು, ಶನಿ, ಶುಕ್ರ ಇವಕ್ಕೆ ಬೀದಿ ದೀಪ ಅಷ್ಟೇನೂ ಅಡ್ಡಿ ಮಾಡುವುದಿಲ್ಲ. ಒಂದು ದೀಪ ನೇರವಾಗಿ ಕಣ್ಣಿಗೆ ಬೀಳದಂತೆ ಗೋಡೆಯ ಮರೆಯಲ್ಲಿ ನಿಂತರೆ ಆಯಿತು. ನೀಹಾರಿಕೆ (ಅನಿಲ, ದೂಳಿನ ಮೋಡ), ಗೆಲಾಕ್ಸಿ (ಕೋಟ್ಯಂತರ ನಕ್ಷತ್ರಗಳ ಸಮೂಹ), ಉಲ್ಕೆಗಳಿಗೆ ಮಾತ್ರ ನಿಜವಾದ ಕತ್ತಲೆ ಬೇಕು. ಅದನ್ನು ಎರಡನೇ ಮೂರನೇ ಭೇಟಿಗೆ ಇಟ್ಟುಕೊಳ್ಳಿ.

ಅನುಮತಿ ಬೇಕಾದ ಕಡೆ ಮೊದಲೇ ಕೇಳಿ. ಮಕ್ಕಳಿದ್ದರೆ ದೊಡ್ಡವರು ಜೊತೆಗಿರಲಿ. ನೆಲದಲ್ಲಿ ವೈರ್, ಹೊಂಡ, ಟ್ರೈಪಾಡ್ ಕಾಲು ಎಲ್ಲಿದೆ ಅಂತ ಬೆಳಕಿದ್ದಾಗಲೇ ನೋಡಿಟ್ಟುಕೊಳ್ಳಿ. ಟಾರ್ಚಿಗೆ ಕೆಂಪು ಪ್ಲಾಸ್ಟಿಕ್ ಹಾಳೆ ಸುತ್ತಿ. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗುವುದಕ್ಕೆ 20ರಿಂದ 30 ನಿಮಿಷ ಬೇಕು. ಒಂದೇ ಒಂದು ಬಿಳಿ ಟಾರ್ಚ್ ಅದನ್ನು ಕ್ಷಣದಲ್ಲಿ ಹಾಳು ಮಾಡುತ್ತದೆ.

ಹಂತ 3: ಉಪಕರಣಕ್ಕೆ ಕಾಯಬೇಡಿ

ಟೆಲಿಸ್ಕೋಪ್ ಇಲ್ಲ ಅಂತ ಶುರು ಮಾಡದೆ ಕೂತವರು ಬಹಳ. ಮೊದಲ ಉಪಕರಣ ನಿಮ್ಮ ಕೈ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ. ಚಿಕ್ಕ ಮಕ್ಕಳ ಕೈ ಚಿಕ್ಕದು, ತೋಳೂ ಚಿಕ್ಕದು, ಹಾಗಾಗಿ ಲೆಕ್ಕ ಅವರಿಗೂ ಹೆಚ್ಚುಕಮ್ಮಿ ಸರಿಹೋಗುತ್ತದೆ. ಚಂದ್ರ ಬರೀ ಅರ್ಧ ಡಿಗ್ರಿ. ಕಿರುಬೆರಳಿನ ಹಿಂದೆ ಪೂರ್ತಿ ಅಡಗುತ್ತಾನೆ. ಹುಟ್ಟುವಾಗ ದೊಡ್ಡದಾಗಿ ಕಾಣುವ ಚಂದ್ರ, ನೆತ್ತಿಯ ಮೇಲಿನ ಚಂದ್ರ ಎರಡನ್ನೂ ಹೀಗೆ ಅಳೆಯಲು ಹೇಳಿ. ಎರಡೂ ಒಂದೇ ಅಳತೆ ಅಂತ ತಮ್ಮ ಬೆರಳೇ ಹೇಳಿದಾಗ ಜನ ನಂಬುವುದಿಲ್ಲ, ಮತ್ತೊಮ್ಮೆ ಅಳೆಯುತ್ತಾರೆ. ನಮಗೆ ಬೇಕಿದ್ದೂ ಅದೇ ಅಲ್ವಾ?

ಎರಡನೆಯದು ಬೈನಾಕ್ಯುಲರ್. 7x50 ಅಥವಾ 10x50 ಅನ್ನುವ ಅಳತೆಯದು ಸಾಕು. ಮೊದಲ ಅಂಕೆ ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಗೋಡೆಗೋ ಕಂಬಕ್ಕೋ ಒರಗಿಸಿ ಅಲುಗಾಡದಂತೆ ಹಿಡಿದರೆ ಗುರುವಿನ ಚಂದ್ರರು ಕಾಣುತ್ತಾರೆ. ಕೃತ್ತಿಕೆಯ ಗುಂಪು ಬೈನಾಕ್ಯುಲರಿನಲ್ಲಿ ಕಂಡಷ್ಟು ಚೆಂದ ದೊಡ್ಡ ಟೆಲಿಸ್ಕೋಪಿನಲ್ಲೂ ಕಾಣದು.

ಟೆಲಿಸ್ಕೋಪ್ ಕೊಳ್ಳುವುದಾದರೆ ಕೊನೆಗೆ ಕೊಳ್ಳಿ. ಪೆಟ್ಟಿಗೆಯ ಮೇಲೆ 600 ಪಟ್ಟು ಅಂತ ದಪ್ಪಕ್ಷರದಲ್ಲಿ ಬರೆದಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಕನ್ನಡಿ ಅಥವಾ ಲೆನ್ಸಿನ ಅಗಲ ಎಷ್ಟು ಮಿಲಿಮೀಟರೋ ಅದರ ಎರಡು ಪಟ್ಟಿಗಿಂತ ಹೆಚ್ಚು ದೊಡ್ಡದು ಮಾಡಿದರೆ ಕಾಣುವುದು ಬರೀ ಮಬ್ಬು. 70 ಮಿ.ಮೀ. ಟೆಲಿಸ್ಕೋಪಿಗೆ 140 ಪಟ್ಟು ಅಂದರೆ ಅಲ್ಲಿಗೆ ಮಿತಿ. ಅಲುಗಾಡದ ಸ್ಟ್ಯಾಂಡ್, ಅಗಲವಾದ ಕನ್ನಡಿ, ಕಡಿಮೆ ಪಟ್ಟಿನ ಒಂದು ಐಪೀಸ್ (ಕಣ್ಣಿಟ್ಟು ನೋಡುವ ಕಡೆಯ ಲೆನ್ಸ್) ಇಷ್ಟಿದ್ದರೆ ಜನರಿಗೆ ತೋರಿಸುವುದಕ್ಕೆ ಧಾರಾಳ. ಶನಿಯ ಉಂಗುರ 25 ಪಟ್ಟಿಗೇ ಗುರುತು ಸಿಗುತ್ತದೆ.

ಹಂತ 4: ಟೆಲಿಸ್ಕೋಪಿಗೆ ಮೊದಲು ಎರಡು ಆಟ

ಕತ್ತಲಾಗುವವರೆಗೆ ಭಾಷಣ ಮಾಡುವ ಆಸೆ ಬರುತ್ತದೆ. ಬೇಡ. ಸುಮ್ನೆ ಎರಡು ಚೆಂಡು ತನ್ನಿ, ಒಂದು ಸುಮಾರು 12 ಸೆಂ.ಮೀ., ಇನ್ನೊಂದು 3 ಸೆಂ.ಮೀ. ಚಿಲ್ಲರೆ. ದೊಡ್ಡದು ಭೂಮಿ, ಚಿಕ್ಕದು ಚಂದ್ರ. ಇಬ್ಬರ ಕೈಗೆ ಕೊಟ್ಟು, ಇವೆರಡರ ನಡುವೆ ಎಷ್ಟು ದೂರ ಇರಬೇಕೋ ಅಷ್ಟು ದೂರ ನಿಂತುಕೊಳ್ಳಿ ಅನ್ನಿ. ಹೆಚ್ಚಿನವರು ಒಂದಡಿ, ಎರಡಡಿ ದೂರ ನಿಲ್ಲುತ್ತಾರೆ. ಚಂದ್ರನ ಸರಾಸರಿ ದೂರ 3,84,400 ಕಿ.ಮೀ., ಅಂದರೆ 30 ಭೂಮಿಗಳನ್ನು ಸಾಲಾಗಿ ಇಟ್ಟಷ್ಟು. ಈ ಚೆಂಡುಗಳ ಲೆಕ್ಕದಲ್ಲಿ ಮೂರೂವರೆ ಮೀಟರಿಗಿಂತ ಜಾಸ್ತಿ. ಹಿಂದೆ ಸರಿಯಿರಿ, ಇನ್ನೂ ಸರಿಯಿರಿ ಅಂತ ಹೇಳುತ್ತಾ ಹೋಗುವಾಗ ನಗು ಶುರುವಾಗುತ್ತದೆ. ಆಮೇಲೆ ಇನ್ನೊಂದು ಪ್ರಶ್ನೆ. ಗಗನಯಾತ್ರಿಗಳು ಇರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇಲ್ಲಿ ಎಲ್ಲಿರಬೇಕು? ಯಾರೋ ಒಬ್ಬರು ನಡುವೆ ಎಲ್ಲೋ ಕೈ ತೋರಿಸುತ್ತಾರೆ. ಅದು ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಚೆಂಡಿನ ಮೈಯಿಂದ ಬರೀ 4 ಮಿಲಿಮೀಟರ್! ಚಂದ್ರನ ಮೇಲೆ ಮನುಷ್ಯ ಕಾಲಿಟ್ಟದ್ದು ಎಂಥ ದೊಡ್ಡ ಜಿಗಿತ ಅಂತ ಆಮೇಲೆ ವಿವರಿಸುವ ಕೆಲಸವೇ ಉಳಿಯುವುದಿಲ್ಲ.

ಎರಡನೆಯದು ನಡೆದು ಅಳೆಯುವ ಸೌರವ್ಯೂಹ. ಸೂರ್ಯನಿಗೆ 10 ಸೆಂ.ಮೀ. ಅಗಲದ ವೃತ್ತ ಕತ್ತರಿಸಿ ಕಂಬಕ್ಕೆ ಅಂಟಿಸಿ. ಆಗ ಭೂಮಿ ಒಂದು ಮಿಲಿಮೀಟರಿಗಿಂತ ಸಣ್ಣ ಚುಕ್ಕಿ, ಸೂರ್ಯನಿಂದ ಸುಮಾರು 10.7 ಮೀಟರ್ ದೂರ. ಗುರು 1 ಸೆಂ.ಮೀ., ಇರುವುದು 56 ಮೀಟರ್ ಆಚೆ. ಶನಿ 103 ಮೀಟರ್. ನೆಪ್ಚೂನ್ 323 ಮೀಟರ್. ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಎಲ್ಲಿಡೋಣ ಅಂತ ಮಕ್ಕಳೇ ಕೇಳುತ್ತಾರೆ. ಅದೇ ಲೆಕ್ಕದಲ್ಲಿ ಸುಮಾರು 2,900 ಕಿಲೋಮೀಟರ್. ಉತ್ತರ ನೀವೇ ಹೇಳಿಬಿಡುವ ಬದಲು ಬೆಳಕಿನ ವರ್ಷದ, ಅಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರದ ಲೆಕ್ಕ ಕೊಟ್ಟು ಹದಿಹರೆಯದವರ ಕೈಯಲ್ಲೇ ಮಾಡಿಸಿ.

ಹಂತ 5: ಮೊದಲ ರಾತ್ರಿ ನಡೆಸುವ ಬಗೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಜನ ಮತ್ತೆ ಬರುತ್ತಾರೋ ಇಲ್ಲವೋ ಅನ್ನುವುದು ಈ ಎರಡು ಗಂಟೆಯಲ್ಲೇ ತೀರ್ಮಾನವಾಗುತ್ತದೆ.

ಕ್ರಮ ಹೀಗಿರಲಿ: ಮೊದಲು ಬರಿಗಣ್ಣು, ಆಮೇಲೆ ಬೈನಾಕ್ಯುಲರ್, ಕೊನೆಗೆ ಟೆಲಿಸ್ಕೋಪ್. ಟೆಲಿಸ್ಕೋಪಿನಲ್ಲಿ ತೋರಿಸಿದ ಗುರು ಮೇಲೆ ಆಕಾಶದಲ್ಲಿ ಎಲ್ಲಿದ್ದಾನೆ ಅಂತ ಗೊತ್ತಿಲ್ಲದೆ ಮನೆಗೆ ಹೋದವರಿಗೆ ನಾಳೆ ನೋಡಲು ಏನೂ ಉಳಿದಿರುವುದಿಲ್ಲ. ಅವರ ಪಾಲಿಗೆ ಗುರು ಇರುವುದು ಆ ಕೊಳವೆಯೊಳಗೆ. ಅದಕ್ಕೇ ಮೊದಲು ಕೈ ಮಾಡಿ ತೋರಿಸಿ, ಮುಷ್ಟಿಯಲ್ಲಿ ಅಳೆಸಿ, ಎರಡು ಗುರುತಿನ ನಕ್ಷತ್ರ ಹೇಳಿಕೊಡಿ. ಒಂದು ರಾತ್ರಿಗೆ ಎರಡೋ ಮೂರೋ ಹೆಸರು ಸಾಕು. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಸೊಂಟಪಟ್ಟಿಯ ಮೂರು ನಕ್ಷತ್ರ ಹಿಡಿದು ಒಂದು ಕಡೆ ಹೋದರೆ ರೋಹಿಣಿ, ಇನ್ನೊಂದು ಕಡೆ ಹೋದರೆ ಲುಬ್ಧಕ. ಇಷ್ಟು ಗೊತ್ತಾದವರು ನಾಳೆ ತಾವೇ ಹುಡುಕುತ್ತಾರೆ.

ಸಾಲು ಉದ್ದವಾದರೆ ಜನ ಬೇಜಾರಾಗುತ್ತಾರೆ. ಒಬ್ಬರಿಗೆ ಅರ್ಧ ನಿಮಿಷ ಅಂತ ಲೆಕ್ಕ ಹಾಕಿದರೂ ನೂರು ಜನಕ್ಕೆ 50 ನಿಮಿಷ ಬೇಕು. ಅದರಿಂದ ಸಾಲಿನಲ್ಲಿ ನಿಂತವರಿಗೂ ಕೆಲಸ ಇರಲಿ. ಬೈನಾಕ್ಯುಲರ್ ಕೈಯಿಂದ ಕೈಗೆ ಹೋಗಲಿ. ಐಪೀಸ್ ಎತ್ತರಕ್ಕೆ ಒಂದು ಗಟ್ಟಿ ಸ್ಟೂಲ್ ಇಡಿ. ಗಾಲಿಕುರ್ಚಿಯಲ್ಲಿ ಬರುವವರಿಗೆ, ಬಗ್ಗಲಾರದ ಹಿರಿಯರಿಗೆ ಟೆಲಿಸ್ಕೋಪಿಗೆ ಫೋನ್ ಜೋಡಿಸಿ ಪರದೆಯಲ್ಲಿ ತೋರಿಸಬಹುದು. ಚಿಕ್ಕ ಮಕ್ಕಳು ಕೊಳವೆಯನ್ನು ಹಿಡಿದೇ ಹಿಡಿಯುತ್ತಾರೆ. ಬೈಯಬೇಡಿ. ಹಿಡಿದುಕೊಳ್ಳಲು ಪಕ್ಕದಲ್ಲಿ ಬೇರೇನಾದರೂ ಇಡಿ, ಒಂದು ಕುರ್ಚಿಯ ಬೆನ್ನಾದರೂ ಸರಿ.

ಚಂದ್ರನ ಫೋಟೋ ಫೋನಿನಲ್ಲಿ ಚೆನ್ನಾಗಿಯೇ ಬರುತ್ತದೆ. ಎಲ್ಲರೂ ತೆಗೆಯಲಿ. ಒಂದೇ ಷರತ್ತು, ಮೊದಲು ಕಣ್ಣು, ಆಮೇಲೆ ಫೋನ್.

ಕಾಣುವುದಕ್ಕೆ ಮೊದಲೇ ಒಂದು ಎಚ್ಚರಿಕೆ ಕೊಡಿ. ಹಬಲ್, ಜೇಮ್ಸ್ ವೆಬ್ ಬಾಹ್ಯಾಕಾಶ ಟೆಲಿಸ್ಕೋಪುಗಳ ಚಿತ್ರಗಳ ಬಣ್ಣ ಇಲ್ಲಿರುವುದಿಲ್ಲ. ಮಹಾವ್ಯಾಧನ ನೀಹಾರಿಕೆ ಬೂದು ಬಣ್ಣದ ಹೊಗೆಯ ಹಾಗೆ ಕಾಣುತ್ತದೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ, ಕ್ಯಾಮೆರಾ ಬಹಳ ಹೊತ್ತು ಬೆಳಕು ಕೂಡಿಸಿಕೊಳ್ಳುತ್ತದೆ. ಇದನ್ನು ಮುಚ್ಚಿಟ್ಟರೆ ಜನಕ್ಕೆ ನಿರಾಸೆ. ಮೊದಲೇ ಹೇಳಿ, ಆ ಬೆಳಕು ಹೊರಟು 1,300ಕ್ಕೂ ಹೆಚ್ಚು ವರ್ಷವಾಯಿತು, ಇವತ್ತು ಅದು ನಿಮ್ಮ ಕಣ್ಣಿಗೆ ಬಿತ್ತು ಅಂತ ಸೇರಿಸಿದರೆ ಅದೇ ಬೂದು ಹೊಗೆಯನ್ನು ಎರಡೆರಡು ಸಲ ನೋಡುತ್ತಾರೆ.

ಈಗ ಮುಖ್ಯ ವಿಷಯ. ಯಾರಾದರೂ ಐಪೀಸಿಗೆ ಕಣ್ಣಿಟ್ಟಾಗ ನೀವು ಬಾಯಿ ಮುಚ್ಚಿಕೊಂಡಿರಿ. ನೋಡಿ ತಲೆ ಎತ್ತಿದ ಮೇಲೆ ಕೇಳಿ, ಏನು ಕಂಡಿತು? ಪಕ್ಕದಲ್ಲಿ ಚುಕ್ಕಿ ಇತ್ತು ಅಂತಾರೆ. ಎಷ್ಟು? ಎಡಕ್ಕೋ ಬಲಕ್ಕೋ? ಅವರು ಮತ್ತೆ ಕಣ್ಣಿಡುತ್ತಾರೆ. ಈ ಎರಡನೇ ಸಲದ ನೋಟಕ್ಕೂ ಮೊದಲಿನದಕ್ಕೂ ಅಜಗಜಾಂತರ. ಆಗ ಕೈಗೆ ಒಂದು ಚೀಟಿ ಕೊಡಿ. ಅದರ ಮೇಲೆ ಒಂದು ವೃತ್ತ, ಕೆಳಗೆ ದಿನ ಮತ್ತು ಗಂಟೆ ಬರೆಯಲು ಜಾಗ. ಕಂಡದ್ದನ್ನು ಕಂಡ ಹಾಗೆ ಗುರುತು ಹಾಕಲಿ. ಚಿತ್ರ ಸೊಟ್ಟಗಿದ್ದರೂ ಪರವಾಗಿಲ್ಲ. ಆ ಚೀಟಿಯೇ ಎರಡನೇ ರಾತ್ರಿಗೆ ಟಿಕೆಟ್.

ಪ್ರಶ್ನೆಗಳು ಬರುತ್ತವೆ. ಅನ್ಯಗ್ರಹ ಜೀವಿಗಳು ಇದ್ದಾರಾ? ರಾಶಿ ಭವಿಷ್ಯ ನಿಜವಾ? ಚಂದ್ರನ ಮೇಲೆ ಇಳಿದದ್ದು ಸುಳ್ಳಂತಲ್ಲ? ನಗಬೇಡಿ, ಜಗಳಕ್ಕೂ ಇಳಿಯಬೇಡಿ. ಕೇಳಿದವರಿಗೆ ಆಸಕ್ತಿ ಇದೆ, ಅದಕ್ಕೇ ಕೇಳಿದ್ದು. ಅಪೊಲೊ 11, 14, 15ರವರು ಚಂದ್ರನ ಮೇಲೆ ಕನ್ನಡಿಯಂಥ ಪ್ರತಿಫಲಕ ಇಟ್ಟು ಬಂದರು. ಇಲ್ಲಿಂದ ಲೇಸರ್ ಬಿಟ್ಟರೆ ಸುಮಾರು ಎರಡೂವರೆ ಸೆಕೆಂಡಿನಲ್ಲಿ ವಾಪಸ್ ಬರುತ್ತದೆ. ಚಂದ್ರ ವರ್ಷಕ್ಕೆ 3.8 ಸೆಂ.ಮೀ. ದೂರ ಹೋಗುತ್ತಿದ್ದಾನೆ ಅಂತ ಇಷ್ಟು ಕರಾರುವಾಕ್ಕಾಗಿ ತಿಳಿದದ್ದು ಆ ಲೇಸರ್ ಅಳತೆಯಿಂದ. ಇಂಥ ಉತ್ತರದಲ್ಲಿ ವಾದಕ್ಕಿಂತ ಅಳತೆ ಜಾಸ್ತಿ ಇರುತ್ತದೆ, ಅದು ಕೇಳಿದವರ ಮನಸ್ಸಿಗೆ ಇಳಿಯುತ್ತದೆ. ಗೊತ್ತಿಲ್ಲದ ಪ್ರಶ್ನೆ ಬಂದರೆ ಗೊತ್ತಿಲ್ಲ ಅನ್ನಿ. ಹೇಗೆ ಕಂಡುಹಿಡಿಯಬಹುದು ಅಂತ ಅವರನ್ನೇ ಕೇಳಿ, ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದಿಡಿ, ಉತ್ತರ ಮುಂದಿನ ಸಲ.

ಬಾಹ್ಯಾಕಾಶ ನಿಲ್ದಾಣ ಹಾದುಹೋಗುವ ಸಮಯ ಸಿಕ್ಕಿದರೆ ಕಾರ್ಯಕ್ರಮವನ್ನು ಅದರ ಸುತ್ತ ಹೊಂದಿಸಿ. ಮುಸ್ಸಂಜೆ ಅಥವಾ ಮುಂಜಾವಿನ ಹೊತ್ತಿಗೆ, ಕೆಳಗೆ ಕತ್ತಲಿದ್ದು ಮೇಲೆ ಬಿಸಿಲಿದ್ದಾಗ, ಅದು ಪ್ರಖರವಾದ ಚುಕ್ಕಿಯಾಗಿ ಮಿನುಗದೆ ಸಾಗುತ್ತದೆ. ನಾಸಾದ ಸ್ಪಾಟ್ ದ ಸ್ಟೇಷನ್ ಆ್ಯಪ್‌ನಲ್ಲೂ ಹೆವೆನ್ಸ್ ಅಬೌವ್ ಅನ್ನುವ ತಾಣದಲ್ಲೂ ನಿಮ್ಮ ಜಾಗಕ್ಕೆ ಸಮಯ ಸಿಗುತ್ತದೆ. ನೀವು ಹೇಳಿದ ನಿಮಿಷಕ್ಕೆ, ಹೇಳಿದ ದಿಕ್ಕಿನಿಂದ ಅದು ಬಂದರೆ ಇಡೀ ಗುಂಪು ಕೂಗುತ್ತದೆ. 2000ದ ನವೆಂಬರಿನಿಂದ ಅಲ್ಲಿ ಮನುಷ್ಯರಿಲ್ಲದ ದಿನವೇ ಇಲ್ಲ ಅಂತ ಆಗಲೇ ಹೇಳಿ.

ಹಂತ 6: ಹಗಲಿನಲ್ಲೂ ಒಂದು ನಕ್ಷತ್ರ ಇದೆ

ರಾತ್ರಿ ಬರಲಾಗದ ಮಕ್ಕಳಿಗೆ ಸೂರ್ಯ ಇದ್ದಾನೆ. ಆದರೆ ನಿಯಮದಲ್ಲಿ ಸಡಿಲಿಕೆ ಇಲ್ಲ. ಟೆಲಿಸ್ಕೋಪ್, ಬೈನಾಕ್ಯುಲರಿನಲ್ಲಿ ಸೂರ್ಯನನ್ನು ನೇರವಾಗಿ ನೋಡಿದರೆ ಕ್ಷಣದಲ್ಲಿ ಕಣ್ಣು ಹೋಗುತ್ತದೆ. ಎಕ್ಸ್‌ರೇ ಹಾಳೆ, ಸಿಡಿ, ಮಸಿ ಹಿಡಿಸಿದ ಗಾಜು ಯಾವುದೂ ಸುರಕ್ಷಿತ ಅಲ್ಲ. ಗ್ರಹಣದ ಕನ್ನಡಕಕ್ಕೆ ಐಎಸ್ಒ 12312-2 ಗುಣಮಟ್ಟ ಇರಬೇಕು, ಅದನ್ನು ಹಾಕಿಕೊಂಡು ಬೈನಾಕ್ಯುಲರಿಗೆ ಕಣ್ಣಿಡಲೇಬಾರದು. ಟೆಲಿಸ್ಕೋಪಿಗೆ ಸೌರ ಫಿಲ್ಟರ್ ಹಾಕುವುದಾದರೆ ಮುಂದಿನ ಬಾಯಿಗೇ ಹಾಕಬೇಕು. ಐಪೀಸಿಗೆ ತಿರುಗಿಸಿ ಕೂರಿಸುವ ಚಿಕ್ಕ ಫಿಲ್ಟರ್ ಬಿಸಿಗೆ ಒಡೆಯಬಹುದು, ಎಸೆದುಬಿಡಿ.

ಇದಾವುದರ ಗೊಡವೆ ಇಲ್ಲದ ದಾರಿ ಒಂದಿದೆ. ಚಿಕ್ಕ ಕನ್ನಡಿಗೆ ಕಾಗದ ಅಂಟಿಸಿ, ನಡುವೆ ಸುಮಾರು 5 ಮಿ.ಮೀ. ತೂತು ಬಿಡಿ. ಬಿಸಿಲಲ್ಲಿಟ್ಟು, ಅದರ ಬೆಳಕನ್ನು ಸುಮಾರು 20 ಮೀಟರ್ ದೂರದ ಕತ್ತಲೆ ಕೋಣೆಯ ಗೋಡೆಗೆ ಹಾಯಿಸಿ. ಗೋಡೆಯ ಮೇಲೆ ಸುಮಾರು 19 ಸೆಂ.ಮೀ. ಅಗಲದ ಸೂರ್ಯ ಮೂಡುತ್ತಾನೆ. ದೊಡ್ಡ ಕಲೆಗಳಿದ್ದರೆ ಕಾಣುತ್ತವೆ, ಗ್ರಹಣವಂತೂ ಇಡೀ ತರಗತಿಗೆ ಒಟ್ಟಿಗೇ ಕಾಣುತ್ತದೆ. ಕನ್ನಡಿಯ ಕಡೆಗೆ ಯಾರೂ ನೋಡದಂತೆ ಮಾತ್ರ ಎಚ್ಚರ ಇರಲಿ. ಚಿತ್ರದ ಅಗಲವನ್ನು ಸ್ಕೇಲಿನಲ್ಲಿ ಅಳೆದು, ಕನ್ನಡಿಯಿಂದ ಗೋಡೆಗಿರುವ ದೂರವನ್ನು ಅದರಿಂದ ಭಾಗಿಸಿ. 107ರ ಆಸುಪಾಸು ಬರಬೇಕು. ಸೂರ್ಯ ತನ್ನ ಅಗಲದ 107 ಪಟ್ಟು ದೂರದಲ್ಲಿದ್ದಾನೆ. ಒಂದು ಸ್ಕೇಲ್, ಒಂದು ಭಾಗಾಕಾರ, ಅಷ್ಟೇ.

ಹಂತ 7: ಎರಡನೇ ರಾತ್ರಿ

ಚೀಟಿ ತಂದವರು ಮುಂದೆ ಬರಲಿ. ಗುರುವನ್ನು ಮತ್ತೆ ತೋರಿಸಿ, ಹೊಸ ವೃತ್ತದಲ್ಲಿ ಗುರುತು ಹಾಕಿಸಿ, ಎರಡನ್ನೂ ಪಕ್ಕಪಕ್ಕ ಇಡಿ. ಚುಕ್ಕಿಗಳು ಸರಿದಿವೆ! ಯಾವುದು ಎಲ್ಲಿಗೆ ಹೋಯಿತು ಅಂತ ಅವರೇ ವಾದಿಸಲಿ. ಹತ್ತು ಚೀಟಿ ಸೇರಿದರೆ ಯಾವ ಚಂದ್ರ ಬೇಗ ಸುತ್ತುತ್ತದೆ ಅಂತ ಹೇಳಬಹುದು. ಕ್ಯಾಲಿಸ್ಟೊಗೆ ಒಂದು ಸುತ್ತಿಗೆ 16.7 ದಿನ, ಗ್ಯಾನಿಮೀಡ್‌ಗೆ 7 ದಿನ ಚಿಲ್ಲರೆ. ಈ ಅಂಕೆ ನೀವು ಮೊದಲೇ ಹೇಳಬೇಡಿ.

ಗುರು ಕಾಣದ ತಿಂಗಳಲ್ಲಿ ಬೆಳಕು ಬದಲಾಗುವ ನಕ್ಷತ್ರ ಹಿಡಿಯಿರಿ. ಪರ್ಸಿಯಸ್ ಪುಂಜದ ಅಲ್ಗಾಲ್ ಬರಿಗಣ್ಣಿಗೇ ಕಾಣುತ್ತದೆ. ಪ್ರತಿ 2 ದಿನ 21 ಗಂಟೆಗೊಮ್ಮೆ ಅದರ ಬೆಳಕು ಮೂರನೇ ಒಂದು ಭಾಗದಷ್ಟಕ್ಕೆ ಇಳಿದು ಮತ್ತೆ ಏರುತ್ತದೆ. ಹದಿಹರೆಯದವರಿಗೆ ಜಾನ್ ಗುಡ್‌ರಿಕ್‌ನ ಕಥೆ ಹೇಳುವುದಕ್ಕೆ ಇದೇ ಸಮಯ. ಬಾಲ್ಯದಲ್ಲೇ ಕಿವಿ ಕೇಳಿಸದಾದ ಈ ಹುಡುಗ ಇಂಗ್ಲೆಂಡಿನ ಯಾರ್ಕ್‌ನಲ್ಲಿ 1782ರಲ್ಲಿ ಅಲ್ಗಾಲ್ ನೋಡಲು ಶುರು ಮಾಡಿದಾಗ ವಯಸ್ಸು 18. ಯಾವುದೋ ಕತ್ತಲೆಯ ಕಾಯ ಆ ನಕ್ಷತ್ರದ ಮುಂದೆ ಹಾದುಹೋಗುತ್ತಿರಬಹುದು ಅಂತ ಊಹಿಸಿದ. 1783ರಲ್ಲಿ ರಾಯಲ್ ಸೊಸೈಟಿ ಅವನಿಗೆ ಕಾಪ್ಲಿ ಪದಕ ಕೊಟ್ಟಿತು. 21ಕ್ಕೇ ತೀರಿಕೊಂಡ. ಅವನ ಊಹೆ ಸರಿ ಅಂತ ಖಚಿತವಾಗಿದ್ದು ನೂರು ವರ್ಷದ ಮೇಲೆ, 1889ರಲ್ಲಿ. ಅವನು ಮಾಡಿದ್ದೇನು? ಅಕ್ಕಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ, ಇದಕ್ಕಿಂತ ಮಂದ, ಅದಕ್ಕಿಂತ ಪ್ರಖರ ಅಂತ ಬರೆದಿಟ್ಟ. ನಿಮ್ಮ ಗುಂಪಿನ ಮಕ್ಕಳೂ ಇದನ್ನೇ ಮಾಡಬಹುದು.

ಉಲ್ಕೆ ಎಣಿಸುವುದು ಇನ್ನೂ ಸುಲಭ. ಆಗಸ್ಟ್ 12-13ರ ಪರ್ಸೀಡ್ಸ್, ಡಿಸೆಂಬರ್ 13-14ರ ಜೆಮಿನಿಡ್ಸ್ ಉಲ್ಕಾವೃಷ್ಟಿಗಳು ಎರಡೂ ಪ್ರತಿವರ್ಷ ಬರುತ್ತವೆ. ಚಾಪೆ ಹಾಸಿ ಮಲಗಿ, ಗಂಟೆಗೆ ಎಷ್ಟು ಅಂತ ಎಣಿಸಿ, ಆಕಾಶ ಎಷ್ಟು ತಿಳಿಯಾಗಿತ್ತು ಅಂತ ಸೇರಿಸಿ ಬರೆದರೆ ಅದು ಮಾಹಿತಿ. ಚಂದ್ರ ಇಲ್ಲದ ವರ್ಷ ಆರಿಸಿಕೊಳ್ಳಿ.

ಹಂತ 8: ಬರೆದದ್ದು ವಿಜ್ಞಾನಿಗಳ ಕೈಗೆ ಸೇರಲಿ

ತಾನು ಗುರುತು ಹಾಕಿದ್ದು ನಿಜವಾಗಿ ಯಾರಿಗೋ ಬೇಕು ಅಂತ ಗೊತ್ತಾದಾಗ ಹದಿನೈದು ವರ್ಷದವರ ಬೆನ್ನು ನೆಟ್ಟಗಾಗುತ್ತದೆ. ದಾರಿಗಳು ಹಲವಿವೆ.

ಬೆಳಕು ಬದಲಾಗುವ ನಕ್ಷತ್ರಗಳ ಲೆಕ್ಕವನ್ನು 1911ರಿಂದ ಎಎವಿಎಸ್ಒ ಅನ್ನುವ ಸಂಸ್ಥೆ ಕೂಡಿಡುತ್ತಿದೆ. ಹವ್ಯಾಸಿಗಳು ಕಳಿಸಿದ್ದೇ ಅದರ ಆಸ್ತಿ. 2019ರ ಕೊನೆಯಿಂದ 2020ರ ಫೆಬ್ರವರಿವರೆಗೆ ಆರ್ದ್ರಾ ನಕ್ಷತ್ರ ಮಾಮೂಲಿಗಿಂತ ಅರ್ಧಕ್ಕೂ ಕೆಳಗೆ ಮಂಕಾಯಿತು. ಹವ್ಯಾಸಿಗಳು ರಾತ್ರಿ ರಾತ್ರಿ ಅದರ ಬೆಳಕು ಅಂದಾಜು ಮಾಡಿ ಬರೆದರು. ನಕ್ಷತ್ರವೇ ಹೊರಗೆ ಉಗುಳಿದ ವಸ್ತು ತಣ್ಣಗಾಗಿ ದೂಳಾಗಿ ಮರೆ ಮಾಡಿತ್ತು ಅಂತ ಆಮೇಲೆ ತಿಳಿಯಿತು.

ಮನೆಯಲ್ಲಿ ಕೂತು ಮಾಡುವುದಾದರೆ ಝೂನಿವರ್ಸ್ ತಾಣ. ಇದರ ಬೇರು 2007ರಲ್ಲಿ ಶುರುವಾದ ಗೆಲಾಕ್ಸಿ ಝೂ. ಗೆಲಾಕ್ಸಿಗಳ ಚಿತ್ರ ತೋರಿಸಿ ಆಕಾರ ಹೇಳಿ ಅಂತ ಕೇಳಿದರು. ಮೊದಲ ವರ್ಷದಲ್ಲೇ ಒಂದೂವರೆ ಲಕ್ಷ ಜನ 5 ಕೋಟಿಗೂ ಹೆಚ್ಚು ಉತ್ತರ ಕೊಟ್ಟರು. ಹ್ಯಾನಿ ವಾನ್ ಆರ್ಕೆಲ್ ಅನ್ನುವ ಡಚ್ ಶಾಲಾ ಶಿಕ್ಷಕಿ ಒಂದು ಗೆಲಾಕ್ಸಿಯ ಪಕ್ಕ ವಿಚಿತ್ರ ಮಚ್ಚೆ ಕಂಡು, ಇದೇನು ಅಂತ ಕೇಳಿದರು. ಯಾರ ಬಳಿಯೂ ಉತ್ತರ ಇರಲಿಲ್ಲ. ಆಮೇಲೆ ಹಬಲ್ ಟೆಲಿಸ್ಕೋಪೇ ಅದರ ಚಿತ್ರ ತೆಗೆಯಿತು. ಪಕ್ಕದ ಗೆಲಾಕ್ಸಿಯ ನಡುಭಾಗ ಹಿಂದೊಮ್ಮೆ ಧಗಧಗ ಉರಿಯುತ್ತಿದ್ದಾಗ ಬೆಳಗಿದ ಅನಿಲದ ಮೋಡ ಅದು. ಇವತ್ತಿಗೂ ಅದು ಆಕೆಯ ಹೆಸರಿನಲ್ಲೇ ಇದೆ.

ಶಾಲೆ ಕಾಲೇಜುಗಳ ತಂಡಗಳಿಗೆ ಐಎಎಸ್‌ಸಿ ಅನ್ನುವ ಕಾರ್ಯಕ್ರಮ ಹವಾಯಿಯ ಪ್ಯಾನ್‌ಸ್ಟಾರ್ಸ್ ಟೆಲಿಸ್ಕೋಪಿನ ಚಿತ್ರಗಳನ್ನು ಕೊಡುತ್ತದೆ. ಒಂದೇ ಜಾಗದ ಹಲವು ಚಿತ್ರ ಒಂದರ ಹಿಂದೆ ಒಂದು ಓಡಿಸಿ, ಸರಿಯುವ ಚುಕ್ಕಿ ಹುಡುಕಬೇಕು. ಅದು ಕ್ಷುದ್ರಗ್ರಹ. ವಿದ್ಯಾರ್ಥಿಗಳು ಹೊಸದನ್ನು ಕಂಡ ಉದಾಹರಣೆಗಳು ಬೇಕಾದಷ್ಟಿವೆ. ನಗರದಲ್ಲಿರುವವರಿಗೆ ಗ್ಲೋಬ್ ಅಟ್ ನೈಟ್ ಇದೆ. ಒಂದು ನಕ್ಷತ್ರಪುಂಜದಲ್ಲಿ ಎಷ್ಟು ನಕ್ಷತ್ರ ಕಾಣುತ್ತದೆ ಅಂತ ನಕ್ಷೆಗೆ ಹೋಲಿಸಿ ಕಳಿಸಿದರೆ ಬೆಳಕಿನ ಮಾಲಿನ್ಯದ ಲೆಕ್ಕಕ್ಕೆ ಸೇರುತ್ತದೆ. ರೇಡಿಯೋ ಗೀಳಿನವರು ಒಬ್ಬರಾದರೂ ಸಿಕ್ಕರೆ ಬಿಡಬೇಡಿ. ಬಾಹ್ಯಾಕಾಶ ನಿಲ್ದಾಣ ಕೆಲವೊಮ್ಮೆ 145.800 ಮೆಗಾಹರ್ಟ್ಸ್‌ನಲ್ಲಿ ಚಿತ್ರಗಳನ್ನು ಕಳಿಸುತ್ತದೆ. ಸಾದಾ ರಿಸೀವರ್, ಫೋನಿನ ಒಂದು ಆ್ಯಪ್ ಇದ್ದರೆ ಆ ಕೀರಲು ಸದ್ದು ಕಣ್ಣೆದುರೇ ಗೆರೆಗೆರೆಯಾಗಿ ಚಿತ್ರವಾಗುತ್ತದೆ.

ಎಲ್ಲವನ್ನೂ ಒಟ್ಟಿಗೆ ಹೇಳಿ ಗೊಂದಲ ಮಾಡಬೇಡಿ. ಒಂದು ಗುಂಪಿಗೆ ಒಂದೇ ಕೆಲಸ.

ಹಂತ 9: ಟೆಲಿಸ್ಕೋಪನ್ನು ಮಕ್ಕಳ ಕೈಗೆ ಕೊಡಿ

ಮೂರನೇ ಭೇಟಿಯ ಹೊತ್ತಿಗೆ ನೀವು ಹಿಂದೆ ಸರಿಯಬೇಕು. ಗುರುವನ್ನು ಹುಡುಕಿ ಐಪೀಸಿನ ನಡುವೆ ತರುವ ಕೆಲಸ ಹದಿನಾಲ್ಕರ ಹುಡುಗಿಗೆ ಬಿಡಿ. ಬಂದವರಿಗೆ ವಿವರಿಸುವುದೂ ಅವಳೇ. ತಡವಾಗುತ್ತದೆ, ಗುರು ಜಾರಿಹೋಗುತ್ತಾನೆ, ಸಾಲಿನಲ್ಲಿ ಯಾರೋ ಗೊಣಗುತ್ತಾರೆ. ಪರವಾಗಿಲ್ಲ. ಅವಳು ಮುಂದಿನ ಸಲ ತಪ್ಪದೆ ಬರುತ್ತಾಳೆ, ತನ್ನ ಜೊತೆ ಇಬ್ಬರನ್ನು ಕರೆತರುತ್ತಾಳೆ. ಹುಡುಗರು ಉಪಕರಣ ಹಿಡಿದುಕೊಂಡು ಹುಡುಗಿಯರು ಬರೆದುಕೊಳ್ಳುವ ಏರ್ಪಾಡು ತಾನಾಗಿ ಆಗಿಬಿಡುತ್ತದೆ. ಸರದಿ ಹಾಕಿ ಅದನ್ನು ಮುರಿಯಿರಿ.

ಮುಂದೆ ಏನು ಓದಬೇಕು ಅಂತ ಕೇಳುವವರಿಗೆ ಗಗನಯಾತ್ರಿಯ ಹೆಸರು ಮಾತ್ರ ಹೇಳಬೇಡಿ. ಒಂದು ಉಪಗ್ರಹದ ಹಿಂದೆ ಬೆಸುಗೆ ಹಾಕುವವರು, ಸಾಫ್ಟ್‌ವೇರ್ ಬರೆಯುವವರು, ಲೋಹ ತಿಳಿದವರು, ವೈದ್ಯರು, ಕಾನೂನು ಬಲ್ಲವರು ಎಲ್ಲ ಇರುತ್ತಾರೆ.

ಹಂತ 10: ಎಣಿಸಬೇಕಾದ್ದನ್ನು ಎಣಿಸಿ

ಎಷ್ಟು ಜನ ಬಂದರು ಅನ್ನುವ ಅಂಕೆ ವರದಿಗೆ ಚೆಂದ. ಆದರೆ ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ. ಎರಡನೇ ಸಲ ಬಂದವರು ಎಷ್ಟು, ಚೀಟಿ ತಂದವರು ಎಷ್ಟು, ನೀವು ಕರೆಯದೆ ತಾವೇ ನೋಡಿ ಗುರುತು ಹಾಕಿಕೊಂಡು ಬಂದವರು ಎಷ್ಟು, ಈ ಮೂರನ್ನು ಬರೆದಿಡಿ. ಬಾರದೇ ಹೋದವರಲ್ಲಿ ಒಬ್ಬಿಬ್ಬರನ್ನು ಸುಮ್ನೆ ಕೇಳಿ. ಹೊತ್ತಾಯಿತು, ದೂರವಾಯಿತು, ಅರ್ಥವಾಗಲಿಲ್ಲ, ಯಾವ ಕಾರಣವೇ ಇರಲಿ, ಅದನ್ನು ಮುಂದಿನ ಸಲ ಸರಿಪಡಿಸಬಹುದು.

ಕಾರ್ಯಕ್ರಮ ಮುಗಿದ ರಾತ್ರಿಯೇ ಗುಂಪಿಗೆ ಒಂದು ಸಂದೇಶ ಹೋಗಲಿ. ಮುಂದಿನ ದಿನಾಂಕ, ಅಷ್ಟರೊಳಗೆ ಮನೆಯಿಂದಲೇ ನೋಡಬೇಕಾದ ಒಂದೇ ಒಂದು ವಸ್ತು, ಬೋರ್ಡಿನ ಮೇಲೆ ಉಳಿದ ಪ್ರಶ್ನೆ. ಇದಕ್ಕಿಂತ ಜಾಸ್ತಿ ಬರೆದರೆ ಯಾರೂ ಓದುವುದಿಲ್ಲ. ದೂರದ ದಿನಾಂಕವೂ ಒಂದು ಇರಲಿ. 2029ರ ಏಪ್ರಿಲ್ 13ರಂದು ಅಪೋಫಿಸ್ ಅನ್ನುವ ಕ್ಷುದ್ರಗ್ರಹ ಭೂಮಿಯಿಂದ ಸುಮಾರು 32,000 ಕಿ.ಮೀ. ದೂರದಲ್ಲಿ ಹಾದುಹೋಗುತ್ತದೆ. ಹಲವು ಸಂಪರ್ಕ ಉಪಗ್ರಹಗಳು ಇರುವ ಎತ್ತರಕ್ಕಿಂತಲೂ ಒಳಗೆ. ಡಿಕ್ಕಿಯ ಭಯ ಇಲ್ಲ. ಆಫ್ರಿಕಾ, ಯುರೋಪ್, ಪಶ್ಚಿಮ ಏಷ್ಯಾದ ಹಲವು ಕಡೆ ಬರಿಗಣ್ಣಿಗೂ ಕಾಣಬಹುದು, ಉಳಿದವರು ಆ ದಿನಗಳಲ್ಲಿ ಟೆಲಿಸ್ಕೋಪಿನಲ್ಲಿ ಹುಡುಕಬಹುದು. ಇವತ್ತು ಹನ್ನೆರಡು ತುಂಬಿದ ಮಕ್ಕಳನ್ನು ಆ ದಿನಕ್ಕೆ ತಯಾರು ಮಾಡುವ ಪಟ್ಟಿಯನ್ನು ಅವರ ಜೊತೆಗೇ ಕೂತು ಬರೆಯಿರಿ: ಯಾವ ನಕ್ಷೆ, ಯಾವ ಜಾಗ, ಯಾರ ಕೈಯಲ್ಲಿ ಗಡಿಯಾರ, ಯಾರ ಕೈಯಲ್ಲಿ ಪೆನ್ಸಿಲ್.